ಸೊಂಟ ಮೂವತ್ತು, ಉದ್ದ ನಲವತ್ತು

ಪ್ಯಾಂಟಿನ ಕಿಸೆಯಲ್ಲಿ ಬಂದದ್ದು ಆ ಕ್ಯಾಸೆಟ್ಟು.
ತೊಂಬತ್ತಾರರ ಮೇ. ಕಟಪಾಡಿಯಲ್ಲಿ ನಾನು
ಅಂಗಡಿ ಹಾಕಿ ಆಗಿನ್ನೂ ಮೂರು ತಿಂಗಳು.
'ಕಾಲು ಎರಡಿಂಚು ಗಿಡ್ಡ ಮಾಡಿ, ಶನಿವಾರ ಬರ್ತೇನೆ'
ಎಂದು ಹೋದ ಹುಡುಗ.
ಹಳೇ ಪುಸ್ತಕದಲ್ಲಿ ಈಗಲೂ ನನ್ನ ಅಕ್ಷರ:
ಸೊಂಟ ಮೂವತ್ತು, ಉದ್ದ ನಲವತ್ತು.
ಹೆಸರು ಬರೆದುಕೊಂಡಿಲ್ಲ.

ಎಷ್ಟೋ ಶನಿವಾರ ಕಾದು
ಒಂದು ಮಧ್ಯಾಹ್ನ ಹಾಕಿ ಕೇಳಿದೆ.
ಬೆಚ್ಚಿ ಆಫ್ ಮಾಡಿದೆ, ಟೇಪು ಸುತ್ತಿಕೊಂಡಿತೆಂದು.
ಸುತ್ತಿಕೊಂಡಿರಲಿಲ್ಲ.
ಅದು ಇದ್ದದ್ದೇ ಹಾಗೆ.

ಇಂಗ್ಲಿಷು ನನಗೆ ಏಳನೇ ಕ್ಲಾಸಿನಷ್ಟು.
ಏನು ಹೇಳುತ್ತಾನೋ, ಯಾರ ಮೇಲೆ ಸಿಟ್ಟೋ ಅವನಿಗೆ.
ಕಾಲಿಗೆ ಮಾತ್ರ ತಿಳಿಯಿತು:
ಬಿ ಸೈಡಿನ ಎರಡನೆಯದಕ್ಕೆ ಪೆಡಲು ತಾನಾಗಿ ಓಡುತ್ತಿತ್ತು,
ಒಂದು ಹಾಡಿಗೆ ಒಂದು ಲಂಗದ ಅಂಚು ಪೂರ್ತಿ.
ಉದ್ಯಾವರ, ಮಟ್ಟು, ಪಾಂಗಾಳದ ಎಷ್ಟೋ ಮದುಮಗಳಂದಿರು
ಅವನ ಸಿಟ್ಟಿನಲ್ಲಿ ಹೊಲಿದ ರವಿಕೆ ತೊಟ್ಟು
ಧಾರೆಗೆ ನಿಂತಿದ್ದಾರೆ.
ಒಂದೂ ಹೊಲಿಗೆ ಬಿಟ್ಟಿಲ್ಲ.

ಮೊನ್ನೆ ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ
ಓಟಿಗೆ ನಿಂತವರ ಮುಗಿದ ಕೈಗಳ ಮೇಲೆ
ಅಂಟಿಸಿದ್ದರು ಅದೇ ಕುದುರೆಯನ್ನು,
ಕ್ಯಾಸೆಟ್ಟಿನ ಮೇಲಿದ್ದ ಒಂಟಿ ಕಿವಿಯದ್ದು.
ಶಿಲ್ಲಾಂಗಿನವರಂತೆ. ಊರೂರು ತಿರುಗುತ್ತಾ
ಗೋವಾ ಮುಗಿಸಿ ಪಣಂಬೂರು ಕಡಲ ತಡಿಗೆ
ಶನಿವಾರ.
ಶನಿವಾರ ಎಂಬುದನ್ನು ಎರಡು ಸಲ ಓದಿದೆ.

'ಮಂಗಳೂರಿಗೆ ಹೋಗಿ ಬರ್ತೇನೆ, ಅಂಗಿಯ ಗುಬ್ಬಿ ತರಲಿಕ್ಕುಂಟು.'
'ಉಡುಪಿಯಲ್ಲಿ ಇಲ್ವಾ ಅಕ್ಕ?' ವಾರಿಜ ಕೇಳಿದಳು.
'ಈ ಬಣ್ಣದ್ದಿಲ್ಲ.'
ಯಾವ ಬಣ್ಣವೆಂದು ಅವಳೂ ಕೇಳಲಿಲ್ಲ.
ಚೀಲದಲ್ಲಿ ನೀರು, ಕೊಡೆ, ಇಸ್ತ್ರಿ ಹಾಕಿದ
ಆ ಪ್ಯಾಂಟು.

ಎಕ್ಸ್‌ಪ್ರೆಸ್ಸಿನವನಿಗೆ ಹಿಂದಿನ ಬಸ್ಸಿನೊಡನೆ
ಎರಡು ನಿಮಿಷದ ಜಗಳ;
ಪಡುಬಿದ್ರಿ, ಹೆಜಮಾಡಿ, ಮೂಲ್ಕಿ ಗಾಳಿಗೆ ಹಾರಿಹೋದವು.
ಏಳಕ್ಕೆ ಶುರುವಾಗುವುದಕ್ಕೆ
ಮೂರೂವರೆಗೇ ಇಳಿಸಿಬಿಟ್ಟ.

ಬೇಲಿಯ ಬಳಿ ವಾಚ್‌ಮನ್ನು ಕಡಲೆ ಸುಲಿಯುತ್ತಿದ್ದ.
'ಎಂತ ಅಮ್ಮ, ಕಸ ಗುಡಿಸಲಿಕ್ಕಾ?'
ಹೌದೆಂದೆ.
ಬಿಟ್ಟ.

ಮರಳಲ್ಲಿ ಬೀರುಗಳಂಥ ಕಪ್ಪು ಪೆಟ್ಟಿಗೆಗಳು.
ಯಾರೋ ಒಂದೇ ಡ್ರಮ್ಮನ್ನು ಅರ್ಧ ಗಂಟೆ ಬಡಿದ;
ಬಡಿದದ್ದರಲ್ಲಿ ಅರ್ಧ ಗಾಳಿ ತಿಂದಿತು.
ಆಮೇಲೆ ಹತ್ತಿದರು ನಾಲ್ವರು.
ಒಬ್ಬನ ತಲೆಗೆ ಬೈರಾಸು, ಒಬ್ಬನ ಮೊಣಕಾಲಿಗೆ ಪಟ್ಟಿ.
ಡ್ರಮ್ಮಿನವನ ಅಂಗಿ ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು.
ನನ್ನ ಬಳೆಯಲ್ಲಿ ಎರಡು ಪಿನ್ನಿದ್ದವು.
ಹೋಗಿ ಕೊಡಲು ಕಾಲು ಏಳಲಿಲ್ಲ.

ಹೇಳದೆ ಕೇಳದೆ ಶುರು ಮಾಡಿದರು
ಬಿ ಸೈಡಿನ ಎರಡನೆಯದನ್ನು.
ನನ್ನದರಲ್ಲಿ ನಡುವೆ ಒಂದು ಬಿಕ್ಕಳಿಕೆಯಿದೆ,
ಟೇಪು ಕಡಿದಾಗ ಉಗುರಿನ ಪಾಲಿಶು ಹಚ್ಚಿ
ಅಂಟಿಸಿದ ಜಾಗ.
ಆ ಹೋದ ತುಂಡಿನಲ್ಲಿ ಏನಿತ್ತೋ ಎಂದು
ಎಷ್ಟೋ ರಾತ್ರಿ ಯೋಚಿಸಿದ್ದುಂಟು.
ಏನೂ ಇಲ್ಲ.
ಅವನು ಉಸಿರು ಎಳೆದುಕೊಳ್ಳುತ್ತಾನೆ, ಅಷ್ಟೇ.

ಅರ್ಧಕ್ಕೆ ನಿಲ್ಲಿಸಿ, ತಂತಿಯವನನ್ನು ಗದರಿಸಿ,
ಮತ್ತೆ ಮೊದಲಿನಿಂದ.
ಹೀಗೆ ಒಂದೂವರೆ ಸಲ ಕೇಳಿದವರು
ನಾನು, ಕಡಲೆಯವನು, ಎರಡು ನಾಯಿ.

ರಾತ್ರಿ ಸಾವಿರಾರು ಜನ, ಎತ್ತಿದ ಮೊಬೈಲುಗಳು.
ಎಲ್ಲ ನುಡಿಸಿದರು. ಅದನ್ನು ಬಿಟ್ಟರು.
ಐವತ್ತು ದಾಟಿದ ಗಂಡಸರೂ ಬಂದಿದ್ದರು ತುಂಬ:
ಸೊಂಟ ಮೂವತ್ತೆಂಟು, ನಲವತ್ತು, ನಲವತ್ತೆರಡು.
ನನ್ನ ಕಣ್ಣಿಗೆ ಟೇಪು ಬೇಡ.
ಮೂವತ್ತು ಒಬ್ಬನೂ ಇಲ್ಲ.
ಯಾರೂ ಆಗಿರಬಹುದು.
ಮರಳು ತಣ್ಣಗಾದಾಗ
ಪ್ಯಾಂಟು ಹಾಸಿ ಅದರ ಮೇಲೆ ಕೂತೆ.

ಕೊನೆಯ ಬಸ್ಸಿಗೆ ಏಳುವಾಗ ಕೊಡವಿದೆ;
ಒಳಗೆ ಮಡಿಸಿದ ಆ ಎರಡಿಂಚಿನಲ್ಲಿ
ಮರಳು ಹಾಗೇ ಉಳಿಯಿತು.
ಕಂಡಕ್ಟರನ ತುಟಿ ಆಡಿತು, ಸದ್ದು ಬರಲಿಲ್ಲ.
'ಕಟಪಾಡಿ!' ಎಂದೆ.
ಬಸ್ಸಿಡೀ ತಿರುಗಿ ನೋಡಿತು.
ಅವನು ಬಗ್ಗಿ ಕಿವಿಯ ಹತ್ತಿರ ಹೇಳಿದ:
'ಮೆಲ್ಲ ಅಕ್ಕ, ನಂಗೆ ಎರಡೂ ಕಿವಿ ಉಂಟು.'

ಗುಬ್ಬಿಯ ನೆನಪಾದದ್ದು
ಮೂಲ್ಕಿ ಸೇತುವೆಯ ಮೇಲೆ.