ಇತರೆ

ಬೀಗದ ಕೈ ನನ್ನ ಹತ್ತಿರ ಇದೆ, ಅದಕ್ಕೇ ನಾನು ಮ್ಯಾನೇಜರು.
ಮಿಕ್ಕಿದ್ದೆಲ್ಲ ನೇಮಕದ ಕಾಗದದಲ್ಲಿದೆ:
ಯುವಜನ ಕಾರ್ಯಕ್ರಮ, ಲಿಂಗರಾಜಪುರ ಕೇಂದ್ರ,
ವಯಸ್ಸು ಹದಿನಾಲ್ಕರಿಂದ ಇಪ್ಪತ್ತನಾಲ್ಕು,
ಗುರಿ ನೂರಿಪ್ಪತ್ತು.
ಯಾರ ಗುರಿ, ಯಾರ ಎದೆಗೆ, ಅಂತ
ಸಹಿ ಹಾಕುವಾಗ ಕೇಳಲಿಲ್ಲ.
ಪ್ರತಿ ಮಾರ್ಚಿಗೆ ಮುಗಿದುಹೋಗುತ್ತೇನೆ,
ದುಡ್ಡು ಬಂದರೆ ಏಪ್ರಿಲಿಗೆ ಮತ್ತೆ ಶುರು.

ನಾಲ್ಕೂವರೆಗೆ ಶಟರ್ ಎತ್ತುತ್ತೇನೆ.
ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ದಿನಾ.
ಪಂಕ್ಚರ್ ಅಂಗಡಿಯಿಂದ ಅಫ್ಸರ್ ಓಡಿಬಂದು
ಭುಜ ಕೊಟ್ಟರೆ ಮೇಲೆ ಹೋಗುತ್ತದೆ.
ಒಳಗೆ ಬಾರೋ ಅಂದರೆ
ಕೈಯೆಲ್ಲ ಗ್ರೀಸು ಮೇಡಂ, ಅನ್ನುತ್ತಾನೆ.
ಎರಡು ವರ್ಷದಿಂದ ಅವನು ತೆರೆದ ಕೇಂದ್ರದ
ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ.

ಒಂದೇ ಕೋಣೆ. ಎರಡು ಹೊಲಿಗೆ ಯಂತ್ರ,
ಒಂದಕ್ಕೆ ಸೂಜಿಯಿಲ್ಲ, ಇನ್ನೊಂದಕ್ಕೆ ಸೂಜಿಯೊಂದೇ ಇದೆ.
ನಾಲ್ಕು ಕಂಪ್ಯೂಟರು, ಒಂದು ಕೇರಂ ಬೋರ್ಡು.
ಹಿಂದುಗಡೆ ರೈಲು ಹೋದರೆ
ಕಾಯಿಗಳು ತಾವೇ ಒಂದಿಷ್ಟು ಸರಿಯುತ್ತವೆ.
ನಮ್ಮ ಹುಡುಗರು ಅದಕ್ಕೂ ಕಾನೂನು ಮಾಡಿದ್ದಾರೆ:
ರೈಲು ಹಾಕಿದ ರೆಡ್ಡು ರೈಲಿಗೇ ಸೇರಿದ್ದು,
ಯಾರೂ ಜಗಳ ತೆಗೆಯುವಂತಿಲ್ಲ.

ರೆಜಿನಾ ಬರುವುದು ಐದೂಕಾಲಿಗೆ.
ಸ್ಪೋಕನ್ ಇಂಗ್ಲಿಷಿಗೆ ಹೆಸರು ಬರೆಸಿದ್ದಾಳೆ.
ಚಪ್ಪಲಿ ಬಿಟ್ಟು, ಸಹಿ ಮಾಡಿ,
ಬ್ಯಾನರು ಸುತ್ತಿಟ್ಟ ಮೂಲೆಗೆ ನಡೆದು
ಹೋದ ವರ್ಷದ ಯುವ ದಿನಾಚರಣೆಯನ್ನು
ನೆಲಕ್ಕೆ ಹಾಸಿ
ಮಲಗುತ್ತಾಳೆ.
ಆರೂಮುಕ್ಕಾಲಿಗೆ ಎದ್ದು ಮುಖ ತೊಳೆದು ಹೊರಟರೆ
ಏಳಕ್ಕೆ ಕಮ್ಮನಹಳ್ಳಿಯಲ್ಲಿ ಹೋಟೆಲು,
ರಾತ್ರಿ ಒಂದರವರೆಗೆ ಬೇರೆಯವರ ತಟ್ಟೆ.

ಮೊದಲ ವಾರ ಎಬ್ಬಿಸಿದ್ದೆ.
ಇದು ಮಲಗೋ ಜಾಗ ಅಲ್ಲಮ್ಮಾ.
ಸಾರಿ ಮೇಡಂ, ಅಂದು ಎದ್ದು ಕೂತಳು,
ಅವಳ ಕಣ್ಣು ಮಾತ್ರ ಏಳಲಿಲ್ಲ.
ಮನೇಲಿ ಯಾರ್ಯಾರಿದಾರೆ ಅಂತ ಕೇಳಿದೆ, ನಮೂನೆಯ ಮೂರನೇ ಪ್ರಶ್ನೆ.
ಬೆರಳು ಮಡಚುತ್ತ ಹೋದಳು:
ಅಜ್ಜಿ, ಅಜ್ಜಿಯ ಟೀವಿ, ನೈಟ್ ಡ್ಯೂಟಿ ಮುಗಿಸಿದ ಅಣ್ಣ,
ಬಾಣಂತನಕ್ಕೆ ಬಂದ ಅಕ್ಕ, ಕೂಸು.
ಒಂದು ಕೈ ಮುಗಿಯಿತು.
ಹತ್ತಡಿ ಹತ್ತಡಿ ಅದಕ್ಕೂ ಮೊದಲೇ ಮುಗಿದಿತ್ತಂತೆ.

ಮಾರನೇ ದಿನ ನಾನು ಏನೂ ಹೇಳಲಿಲ್ಲ.
ಕೇರಂ ಹುಡುಗರಿಗೂ ಹೇಳಲಿಲ್ಲ.
ಆದರೂ ಜಾನಿ ಬಾಸ್ಕೋ ತನ್ನ ಟವೆಲ್ ಬಿಚ್ಚಿ
ಬೋರ್ಡಿನ ಅಡಿಗೆ ಹಾಸಿದ.
ಕಾಯಿ ಬಿದ್ದರೆ ಜಾಲಿಗೆ ಅಂಗೈ ಕೊಟ್ಟು ಸದ್ದು ಹಿಡಿದರು.
ಗೆದ್ದವನು ಬಾಯಿ ಮುಚ್ಚಿಕೊಂಡು ಕುಣಿದ,
ಸೋತವನು ಹೊರಗೆ ಹೋಗಿ ಬೈದು ಬಂದ.
ಜೀವನ ಕೌಶಲ್ಯ, ಹನ್ನೆರಡು ತರಗತಿ, ಕೈಪಿಡಿ ಸಮೇತ:
ಆರನೆಯದರಲ್ಲಿ ಇಬ್ಬರು ಹೊಡೆದಾಡಿದ್ದರು,
ಇದೇ ಇಬ್ಬರು.

ತ್ರೈಮಾಸಿಕ ಸಭೆಯಲ್ಲಿ ಏಸಿ ಜಾಸ್ತಿಯಿತ್ತು.
ರೆಜಿನಾ ಅನ್ನೋ ಹುಡುಗಿದು ತೊಂಬತ್ತಾರು ಪರ್ಸೆಂಟು ಹಾಜರಿ!
ಎದುರು ಕೂತವರು ಖುಷಿಯಾದರು.
ಇಂಗ್ಲಿಷು ಎಷ್ಟು ಬಂತು?
ಸಾರಿ, ಅಂತ ಬಂತು, ಅಂದೆ.
ತಮಾಷೆ ಅಂದುಕೊಂಡರು.

ವರದಿ ತುಂಬುವಾಗ ಕೊನೆಗೊಂದು ಖಾನೆ: ಇತರೆ.
ನಿದ್ದೆ, ಒಂದೂವರೆ ಗಂಟೆ, ವಾರಕ್ಕೆ ಆರು ದಿನ
ಅಂತ ಬರೆದರೆ ಕಂಪ್ಯೂಟರು ಕೆಂಪಗಾಯಿತು.
ಅಂಕಿ ಮಾತ್ರ ತುಂಬಿರಿ.
ಒಂದು, ಅಂತ ಹೊಡೆದೆ.
ಸ್ವಲ್ಪ ಹೊತ್ತು ಬಿಟ್ಟು
ಅಳಿಸಿ, ಎರಡು ಮಾಡಿದೆ.
ಎರಡನೆಯದು ಯಾರು ಅಂತ
ಇವತ್ತಿನವರೆಗೆ ಯಾರೂ ಕೇಳಿಲ್ಲ.

ರಾತ್ರಿ ಎಂಟಕ್ಕೆ ಮುಚ್ಚುತ್ತೇನೆ.
ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ನೀರಲ್ಲಿ ಮುಳುಗಿಸಿ
ಗುಳ್ಳೆ ಎಲ್ಲಿ ಅಂತ ನೋಡುತ್ತಿರುತ್ತಾನೆ ಅವನು, ತಲೆಯೆತ್ತುವುದಿಲ್ಲ.
ಎತ್ತುವ ಅವಶ್ಯವೂ ಇಲ್ಲ,
ಇಳಿಯುವಾಗ ಈ ಶಟರು
ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ.