ಜಲಬಾಧೆ

ಶಿಡ್ಲಘಟ್ಟದ ಸರ್ಕಾರಿ ಆಸ್ಪತ್ರೆ, ಕೊನೆಯ ಕಿಟಕಿ.
ಬೋರ್ಡಿನಲ್ಲಿ ‘ಮೂ’ ಉದುರಿ ಆರು ವರ್ಷ.
‘ತ್ರ ಪರೀಕ್ಷೆ’ ಅಂತಷ್ಟೇ ಉಳಿದಿದೆ.
ಯಾರೂ ದಾರಿ ತಪ್ಪಿಲ್ಲ.

ನಾನು ಕೊಡುವ ಡಬ್ಬಿ ಬಿಳಿ, ಮುಚ್ಚಳ ಕೆಂಪು.
ಸ್ಟಾಕು ಮುಗಿದ ವಾರ ಮನೆಯಿಂದ ತರುತ್ತಾರೆ:
ಕೊಬ್ಬರಿ ಎಣ್ಣೆಯ ಬಾಟ್ಲಿ, ಕೆಮ್ಮಿನ ಔಷಧದ ಸೀಸೆ,
ಒಮ್ಮೆ ಬೂದಿ ಹಾಕಿ ತೊಳೆದ ಕ್ವಾರ್ಟರ್ರು,
ಲೇಬಲ್ಲು ಹಾಗೇ ಇತ್ತು.
ಪೇಪರಲ್ಲಿ ಸುತ್ತಿ, ಮತ್ತೆ ಸೆರಗಲ್ಲಿ ಸುತ್ತಿ
ಕಳ್ಳಮಾಲಿನಂತೆ ಕಿಟಕಿಯೊಳಗೆ ತಳ್ಳುತ್ತಾರೆ,
ಮುಖ ಮಾತ್ರ ಹೊಂಗೆಮರದ ಕಡೆ.

ಆ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ.
‘ಒಂದಕ್ಕೆ’ ಅನ್ನುತ್ತಾರೆ, ಕಿರುಬೆರಳು ಎತ್ತುತ್ತಾರೆ.
ನಿವೃತ್ತ ಪಂಡಿತರು ಅಶ್ವತ್ಥನಾರಾಯಣಯ್ಯ
ಗಂಟಲು ಸರಿಮಾಡಿಕೊಂಡು, ‘ಜಲಬಾಧೆ’ ಎಂದರು.
ಹೊಳೆ ಇಲ್ಲದ ಜಿಲ್ಲೆ,
ಸಾವಿರದಿನ್ನೂರು ಅಡಿಗೂ ಹುಡಿ ಉಗುಳುವ ಬೋರು,
ಇಲ್ಲಿ ಜಲಕ್ಕೂ ಒಂದು ಬಾಧೆಯೇ ಎಂದು ನಕ್ಕೆ.
ಕಡ್ಡಿ ಅದ್ದಿದೆ. ಸಕ್ಕರೆ ನಾಲ್ಕು ಪ್ಲಸ್ಸು.
ಅಜ್ಜಿಯ ಕಾಲದಲ್ಲಿ ಇದನ್ನು ಹೇಳುತ್ತಿದ್ದದ್ದು
ಬಚ್ಚಲ ಕಲ್ಲಿಗೆ ಮುತ್ತಿದ ಇರುವೆ.

ಗೂಡಿನ ಮಾರ್ಕೆಟ್ಟು ಕಾಯುವ ಪಿಳ್ಳಪ್ಪ ಬಂದ:
“ರಾತ್ರಿ ಐದು ಸಲ ಏಳ್ತೀನಿ ತಾಯಿ, ಬರೋದು ಐದೇ ತೊಟ್ಟು.
ವಾಚ್‌ಮನ್ ಕೆಲ್ಸಕ್ಕೆ ಒಳ್ಳೇದೇ ಆಯ್ತು ಬಿಡಿ.”
ಅವನಿಗೆ ಚಿಕ್ಕಬಳ್ಳಾಪುರದ ಸರ್ಜನ್ನಿಗೆ ಚೀಟಿ ಬರೆದರು.
ಹೋದನೋ ಇಲ್ಲವೋ.

ಖಮರುನ್ನೀಸಾ ಬಂದದ್ದು
ನಾಲ್ಕು ತಿಂಗಳಲ್ಲಿ ಮೂರನೇ ಸಲ.
ಫಿಲೇಚರಿನಲ್ಲಿ ಬೆಳಿಗ್ಗೆಯಿಂದ ಕೈ ಬಿಸಿನೀರಲ್ಲೇ,
ಬೆರಳು ಬೆಂದ ಗೂಡಿನಂತೆ ಬಿಳಿಚಿ ನೆರಿಗೆಗಟ್ಟಿದೆ.
ಬಾಯಿಗೆ ಮಾತ್ರ ಒಂದು ಗುಟುಕಿಲ್ಲ.
ಕಕ್ಕಸಿರುವುದು ಸಾಹುಕಾರರ ಮನೆಯೊಳಗೆ,
ಎರಡು ಬಾಗಿಲು ದಾಟಿ, ಅತ್ತೆಯ ಮಂಚ ದಾಟಿ.
ಮುಂಜಾನೆ ಒಂದು ಲೋಟ, ಆಮೇಲೆ ಮಗ್ರಿಬ್‌ ಆದ ಮೇಲೆ.
“ನೂಲು ಬರೋ ಹಾಗೆ ಬರ್ತದೆ ಅಕ್ಕಾ,
ಅಷ್ಟೇ ಸಣ್ಣ ಎಳೆ. ಉರಿ ಮಾತ್ರ ಒಲೆಯದು.”
ಸೂಕ್ಷ್ಮದರ್ಶಕದಡಿ ಕೀವುಕಣ,
ಎಣಿಸಲು ಹೋಗಿ ಬಿಟ್ಟೆ.

‘ಇತರೆ’ ಎಂಬ ಕಾಲಮ್ಮಿನಲ್ಲಿ ಬರೆದೆ:
ಕಕ್ಕಸಿಲ್ಲ.
ಡಾಕ್ಟ್ರು ಕನ್ನಡಕದ ಮೇಲಿಂದ ನೋಡಿ
“ಇದೇನ್ರೀ ಇದು?” ಅಂದು ಅಡ್ಡಗೆರೆ ಎಳೆದರು.
ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ,
ಐದು ದಿನದ ಮಾತ್ರೆ.

ನನಗೇನು ಹೇಳುವ ಬಾಯಿದೆ?
ಒಂಬತ್ತರಿಂದ ಎರಡರವರೆಗೆ ಕಾಲು ಹೆಣೆದು ಕೂರುವವಳು ನಾನೂ.
ನಮ್ಮ ಸ್ಟಾಫ್ ಟಾಯ್ಲೆಟ್ಟಿನ ಬೀಗದ ಕೈ
ಹೆಡ್‌ ನರ್ಸಿನ ಡ್ರಾಯರಿನಲ್ಲಿ, ಅವರು ರಜೆಯಲ್ಲಿ.
ಹೋದ ಯುಗಾದಿಯಲ್ಲಿ ನನ್ನದೇ ಡಬ್ಬಿಗೆ
ಇನ್ಯಾವುದೋ ಹೆಸರು ಅಂಟಿಸಿ ಪರೀಕ್ಷಿಸಿದ್ದೆ.
ಹೆಸರು ನೆನಪಿಲ್ಲ. ಫಲಿತಾಂಶ ನೆನಪಿದೆ.

ಮಂಗಳವಾರ ಹನ್ನೊಂದಕ್ಕೆ ಮತ್ತೆ ಬಂದಳು,
ಬುರ್ಖಾದ ಹಿಂದೆ ಇನ್ನಿಬ್ಬರು,
ನಾಲ್ಕನೆಯವಳು ಗಂಗರತ್ನ, ಬಸುರಿ.
“ಪರೀಕ್ಷೆಗಲ್ಲ ಅಕ್ಕಾ,” ಎಂದಳು ಮೆಲ್ಲಗೆ,
“ಬರೀ ಹೋಗೋಕೆ.
ಆಸ್ಪತ್ರೆ ಚೀಟಿ ಇದ್ರೆ ಸಾಹುಕಾರ್ರು ಬಿಡ್ತಾರೆ.”

ಸ್ಯಾಂಪಲ್ ಕೊಡುವವರ ಕೋಣೆ ಇದೆಯಲ್ಲ,
ಚಿಲಕ ಇದೆ. ಬಕೆಟ್ಟು ತುಂಬಿಸಿಟ್ಟೆ.
ಒಬ್ಬೊಬ್ಬರೇ ಹೋದರು.
ಗೋಡೆಯಾಚೆಯಿಂದ ಆ ಸದ್ದು ಬಹಳ ಹೊತ್ತು,
ತಡೆದು ತಡೆದು, ಆಮೇಲೆ ತಡೆಯಿಲ್ಲದೆ.
ಗಂಗರತ್ನ ಹೊರಬಂದು ಕಣ್ಣೊರೆಸಿಕೊಂಡಳು,
ಅತ್ತದ್ದಲ್ಲ, ಹಗುರಾದದ್ದು.

ನಾಲ್ಕು ಡಬ್ಬಿಯೂ ಖಾಲಿಯೇ ವಾಪಸ್ಸು.
ರಿಜಿಸ್ಟರ್ ಎಳೆದುಕೊಂಡೆ. ನಾಲ್ಕು ಹೆಸರು, ನಾಲ್ಕು ನಂಬರು,
ನಾಲ್ಕು ಚೀಟಿ, ಸರ್ಕಾರಿ ಸೀಲು.
ಜಿಲ್ಲೆಯವರು ಕೇಳಿದರೆ ಕೇಳಲಿ,
ನಿಮ್ಮೂರಲ್ಲೇ ಯಾಕಿಷ್ಟು ಎಂದು.
ದುಂಡಗಿನ ಅಕ್ಷರದಲ್ಲಿ ಬರೆದೆ:

ಸ್ಯಾಂಪಲ್ ಸಾಲದು.
ನಾಳೆ ತಪ್ಪದೆ ಮತ್ತೆ ಬರತಕ್ಕದ್ದು.