ಎರಡೂವರೆ ಕಿಲೊ

ಪರೀಕ್ಷೆ ಮುಗದ ಮರುದಿನ ಸಪ್ತಾಪುರದ ಓಣ್ಯಾಗ
ಮಾಳಗಿ ಮ್ಯಾಲಿಂದ ಗಾದಿಗೋಳು ಇಳೀತಾವು,
ಸುರುಳಿ ಸುತ್ತಿ, ಸೊಂಟಕ್ಕ ಹಗ್ಗಾ ಬಿಗಕೊಂಡು.
ಪಾಸಾಗ್ತೀನಿ ಅನ್ನಾವ್ರೂ ಬಿಟ್ಟು ಹೋಕ್ಕಾರ,
ಈ ಸಲಾನೂ ಹೋತು ಅನ್ನಾವ್ರೂ.
ಗೇಟಿನ ಮುಂದ ಎಲ್ಲಾ ಒಂದ ನಮೂನಿ ಕಾಣ್ತಾವು.

ಕಸದ ಗಾಡಿಯವ ಮುಟ್ಟಂಗಿಲ್ಲ.
ಹಸೀದಲ್ಲ, ಒಣಾದಲ್ಲ, ಯಾವ ಡಬ್ಬಿಗೆ ಹಾಕ್ಲಿ? ಅಂತಾನ.
ಹಂಗ ಬಿಟ್ರ ರಾತ್ರಿ ಯಾರರ ಕಡ್ಡಿ ಗೀರ್ತಾರ;
ಅರಳಿ ಭಗ್ ಅಂತ ಉರಿಯಂಗಿಲ್ಲ,
ಮೂರು ದಿನ ಒಳಗೊಳಗ ಕನಲತೈತಿ,
ಓಣಿ ಪೂರಾ ಕೆಮ್ಮತೈತಿ.

ಅದಕ್ಕ ನಾನು, ಫಕ್ರುಸಾಬ ನದಾಫನ ಮಗಳು ದಾವಲಬಿ,
ತಮ್ಮನ ಟಂಟಂ ತಗೊಂಡು ಹೋಕ್ಕೀನಿ.
ಬ್ಯಾಡ ಅಂದ್ರೂ ಗಾದಿಗೆ ಹತ್ತು ರೂಪಾಯಿ ಕೊಡ್ತೀನಿ.
ಪುಕ್ಕಟ ಒಯ್ದದ್ದು ಕಸ, ಕೊಟ್ಟು ಒಯ್ದದ್ದು ಮಾಲು,
ಇದು ಅಪ್ಪನ ಲೆಕ್ಕ. ಅವನ ಬಿಲ್ಲು
ಈಗ ಶೆಡ್ಡಿನ ಗೋಡಿಗೆ ತೂಗು ಬಿದ್ದೈತಿ,
ಮಷೀನು ಚಾಲೂ ಆದಾಗೆಲ್ಲಾ
ಅದರ ನರಾ ತಾನ ಝುಂ ಅಂತೈತಿ.

ಟಾಕಿ ಬಿಚ್ಚಬೇಕು, ಕೊಯ್ಯಬಾರದು.
ಒಳಗ ಪೆನ್ನಿನ ಟೊಪ್ಪಿಗಿ, ಶೇಂಗಾದ ಸಿಪ್ಪಿ,
ಒಮ್ಮೆ ಒಂದು ಚೀಟಿ: ತುಂಗಭದ್ರಾ ಎಲ್ಲಿ ಹುಟ್ಟುತ್ತದೆ?
ಉತ್ತರ ಬರದಿರಲಿಲ್ಲ.
ಸಾಲಿ ಮಾಸ್ತರಿಗೆ ಕೇಳಿದೆ.
ಅದು ಹುಟ್ಟಂಗಿಲ್ಲವಾ, ಕೂಡತೈತಿ, ಅಂದ್ರು.

ಈಗೀಗ ಅರ್ಧಕ್ಕಿಂತ ಹೆಚ್ಚು ಫೋಮು.
ಬಿಲ್ಲಿಗೂ ಬಗ್ಗಂಗಿಲ್ಲ, ಮಷೀನಿಗೂ.
ಚೂರು ಮಾಡಿ ಚೀಲಾ ತುಂಬಿ ತಾರಿಹಾಳಕ್ಕ ಕಳಸ್ತೀವಿ,
ಒತ್ತಿ ಅಂಟಿಸಿ ಆಟೋದ ಸೀಟು ಮಾಡ್ತಾರ.
ನಾರು ನರ್ಸರಿಗೆ, ಸ್ಪ್ರಿಂಗು ಗುಜರಿಗೆ.
ರೆಕ್ಸಿನ್ನು ಮಾತ್ರ ಯಾರಿಗೂ ಬ್ಯಾಡ.
ಮೂಲ್ಯಾಗ ಬೆಳ್ಯಾಕ ಹತ್ತೈತಿ,
ಅದರ ಮುಂದ ನಾನೂ ಸೋತೀನಿ.

ಹೋದ ಮಂಗಳವಾರ ಮಾಳಮಡ್ಡಿಯಿಂದ
ವೇಣಕ್ಕ ಕಟ್ಟಿ ಬಂದ್ರು, ರಿಕ್ಷಾದಾಗ, ಗಾದಿ ಸಮೇತ.
ಲಗ್ನದಾಗ ತವರಿನವರು ಕೊಟ್ಟದ್ದಂತ. ಹನ್ನೆರಡು ಕಿಲೊ.
'ನಮ್ಮ ಅರಳಿ ನಮಗ ಬರಬೇಕು ನೋಡ್ರಿ,
ಮಂದೀದು ಕೂಡಸಬ್ಯಾಡ್ರಿ.'
ಸ್ಟೂಲಿನ ಮ್ಯಾಲ ಕುಂತ್ರು, ಮೂಗಿಗೆ ಸೆರಗು,
ಕಣ್ಣು ನನ್ನ ಕೈ ಮ್ಯಾಲ.

ಹಿಂಜಿ ತೂಗಿದೆ. ಒಂಬತ್ತೂವರೆ.
'ಎರಡೂವರೆ ಎಲ್ಲಿ ಹೋತು?'

ಈ ಮಾತು ನಮಗ ಹೊಸಾದಲ್ಲ,
ಬಿಲ್ಲಿನ ಸಂಗಾಟನ ಮನೀಗೆ ಬಂದದ್ದು.
ಅಪ್ಪ ಆದ್ರ ಸುಮ್ಮ ಇರತಿದ್ದ.
ನಾನು ಕಸಬರಿಗಿ ತಗೊಂಡೆ,
ಮಷೀನಿನ ಬುಡದ್ದು, ಗೋಡಿ ಸಂದ್ಯಾನದು, ಎಲ್ಲಾ ಬಳದು
ತಕ್ಕಡಿಗೆ ಸುರದೆ, ಬೂದಿ ಬಣ್ಣದ ಧೂಳು.
ಎರಡು ಕಿಲೊ ಇನ್ನೂರು.
ಇದು ನಿಮ್ಮನಿ ನಿದ್ದಿರಿ, ಅಂದೆ.
ಉಳದ ಮುನ್ನೂರು ಗ್ರಾಮು
ನನ್ನ ಮೂಗಿನ್ಯಾಗ ಐತಿ, ನಿಮ್ಮ ಸೀರಿ ಮ್ಯಾಲ ಐತಿ.

ವೇಣಕ್ಕ ಸೀರಿ ಝಾಡಿಸಲಿಲ್ಲ.
ಧೂಳಿನ್ಯಾಗ ಎರಡು ಬೆರಳು ಇಟ್ಟು,
ಹಿಟ್ಟು ಸಣ್ಣಗ ಬಂದದೇನು ನೋಡಿದಂಗ ತಿಕ್ಕಿ ನೋಡಿದ್ರು.
ನಲವತ್ತೊಂದು ವರ್ಷ.
ಯಾರ್ಯಾರು ಮಲಗಿದ್ರು ಅಂತ ನಾ ಕೇಳಲಿಲ್ಲ.
'ಇದನ್ನೇನು ಮಾಡ್ತೀರಿ?'
ಹಿಂದ ನುಗ್ಗಿ ಗಿಡಾ ಐತ್ರಿ, ಅದರ ಬುಡಕ್ಕ.
'ಹಂಗಾದ್ರ ಕಾಯಿ ಬಿಟ್ಟಾಗ ಎರಡು ಕಳಸ್ರಿ.'

ಖೋಳ ಹಾಸಿ ಅರಳಿ ಹರವಿದ್ರ
ಕಾಲ ಕಡೆ ಬರೀ ಬಟ್ಟಿ.
ಬಾಗಲ ಹತ್ರ ಸಪ್ತಾಪುರದ ಗುಡ್ಡಿ ಬಿದ್ದಿತ್ತು,
ಹಿಂಜಿದ್ದು, ಮೂರು ಬಿಸಲು ಕುಡದದ್ದು.
ನಾ ಬಾಯಿ ತಗೀಲಿಲ್ಲ. ಅವರ ನೋಡಿದ್ರು ಆ ಕಡೆ.

'ಅದು ಪಾಸಾದವರದೋ, ಫೇಲಾದವರದೋ?'

ಹಿಂಜಿದ ಮ್ಯಾಲ ನನಗೂ ತಿಳ್ಯಂಗಿಲ್ರಿ, ಅಂದೆ.

ವೇಣಕ್ಕ ಸ್ಟೂಲು ಬಿಟ್ಟು ಎದ್ದು
ಖೋಳದ ಒಂದು ತುದಿ ಹಿಡಕೊಂಡ್ರು.